ತೊಟ್ಟಿಲು ಇಳಿಸುವ ಮುನ್ನ

ಮಗಳ ಕುಬಸದ ಕಾರ್ಯ ನಿಶ್ಚಯವಾದೊಡನೆ ಮಠಕ್ಕೆ ಬಂದು ತಿಳಿಸಿ, ಆಶೀರ್ವಾದ ಪಡೆದು ಹೋಗುವುದು ನಮ್ಮ ತೊರಗಲ್ಲ ನಾಡಿನ ಭಕ್ತರ ವಾಡಿಕೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳ ಹಳ್ಳಿಗಳಿಂದ ಹೀಗೆ ಬರುವವರು ಕೇಳುವ ಪ್ರಶ್ನೆಗಳು ಬಹುತೇಕ ಒಂದೇ ಬಗೆಯವು. ಯಾವ ದಿನ ಒಳ್ಳೆಯದು? ಗರ್ಭಿಣಿ ಯಾವ ಪೂಜೆ ಮಾಡಬೇಕು? ಹೆರಿಗೆ ಸುಸೂತ್ರವಾಗಲು ಯಾವ ಹರಕೆ ಹೊರಬೇಕು? ಚೊಚ್ಚಲ ಬಸಿರಾಗಲಿ, ಎರಡನೆಯದಾಗಲಿ, ಪ್ರಶ್ನೆಗಳು ಬದಲಾಗುವುದಿಲ್ಲ. ಆದರೆ ಎರಡನೆಯ ಸಲ ಬಸುರಿಯ ಸೆರಗು ಹಿಡಿದುಕೊಂಡು ಮೂರೋ ನಾಲ್ಕೋ ವರ್ಷದ ಒಂದು ಮಗು ನಿಂತಿರುತ್ತದೆ. ಅದರ ಬಗ್ಗೆ ಒಬ್ಬರೂ ಕೇಳುವುದಿಲ್ಲ.

ಒಕ್ಕಲುತನದ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಹೇಳುವುದು ಕಷ್ಟವಲ್ಲ. ಸಂತೆಯಿಂದ ಹೊಸ ಎತ್ತು ತಂದಾಗ ಹಳೆಯ ಎತ್ತಿನ ಮಗ್ಗುಲಿಗೆ ಅದೇ ದಿನ ಕಟ್ಟುತ್ತೀರಾ? ಇಲ್ಲ. ನಾಲ್ಕು ದಿನ ದೂರ ಕಟ್ಟಿ, ಒಂದನ್ನೊಂದು ನೋಡಲು ಬಿಟ್ಟು, ಮೂಸಲು ಬಿಟ್ಟು, ಹಳೆಯ ಎತ್ತಿಗೆ ಮೊದಲು ಮೇವು ಹಾಕಿ, ಆಮೇಲೆ ನೊಗಕ್ಕೆ ಹೂಡುತ್ತೀರಿ. ದನದ ಮನಸ್ಸಿಗೆ ತೋರಿಸುವ ಈ ಜಾಣತನವನ್ನು ಹೆತ್ತ ಮಗುವಿನ ಮನಸ್ಸಿಗೆ ತೋರಿಸಲು ನಮ್ಮ ಗೃಹಸ್ಥರಿಗೆ ಪುರುಸೊತ್ತಿಲ್ಲ.

ಸಂಸಾರವಿಲ್ಲದ ಸ್ವಾಮಿಗಳಿಗೆ ತೊಟ್ಟಿಲ ಮಾತು ಏತಕ್ಕೆ ಎಂದು ಕೆಲವರು ಮೀಸೆಯಲ್ಲಿ ನಗಬಹುದು. ನಗಲಿ. ಮಠವೆಂಬುದೂ ಒಂದು ಮನೆಯೇ. ನಾವು ಎಂಟನೆಯ ವಯಸ್ಸಿಗೆ ಮರಿಯಾಗಿ ಮಠಕ್ಕೆ ಬಂದವರು. ಗುರುಗಳ ಪೂಜೆಗೆ ಪತ್ರಿ ಬಿಡಿಸಿಡುವುದು, ಅವರ ಮಗ್ಗುಲಲ್ಲಿ ಕುಳಿತು ಪ್ರಸಾದ ಸ್ವೀಕರಿಸುವುದು ನಮ್ಮ ಪಾಲಿನ ಭಾಗ್ಯವಾಗಿತ್ತು. ಮೂರು ವರ್ಷಗಳ ನಂತರ ಇನ್ನೊಬ್ಬ ಮರಿ ಬರುವವನಿದ್ದ. ಅವನು ಬರುವ ತಿಂಗಳ ಮೊದಲೇ ಗುರುಗಳು ನಮ್ಮನ್ನು ಕರೆದು, "ಅಂವಾ ಸಣ್ಣವ ಅದಾನ, ರಾತ್ರಿ ಅಳತಾನ. ನೀ ಬಂದಾಗ ನೀನೂ ಅತ್ತಿದ್ದಿ. ಅವಂಗ ಪತ್ರಿ ಬಿಡಸೂದು ನೀನ ಕಲಸಬೇಕು. ನನ್ನ ಎಡಕ್ಕ ಕೂಡು ಜಾಗಾ ಮಾತ್ರ ನಿಂದ ಇರತೈತಿ" ಎಂದರು. ಆ ನಾಲ್ಕು ಮಾತಿನಲ್ಲಿ ಎಲ್ಲವೂ ಇತ್ತು. ಬರುವವನು ಎಂಥವನು, ನಾವು ಹಿಂದೆ ಎಂಥವರಾಗಿದ್ದೆವು, ನಮ್ಮ ಕೆಲಸವೇನು, ನಮ್ಮ ಜಾಗ ಯಾವುದು. ಮಗುವಿಗೆ ಇದಕ್ಕಿಂತ ಹೆಚ್ಚು ತಿಳಿಯಬೇಕಾದ್ದೂ ಇಲ್ಲ, ಕಡಿಮೆ ತಿಳಿದರೆ ಸಾಲುವುದೂ ಇಲ್ಲ.

ಕೆಲವು ವರ್ಷಗಳ ಹಿಂದೆ ಮಲಪ್ರಭೆಯ ದಂಡೆಯ ಒಂದು ಹಳ್ಳಿಯಿಂದ ಅಜ್ಜಿಯೊಬ್ಬಳು ನಾಲ್ಕು ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಮಠಕ್ಕೆ ಬಂದಳು. "ಅಜ್ಜಾರ, ಹುಡುಗಿಗಿ ಏನೋ ಗಾಳಿ ಸೋಕೇತ್ರಿ. ಮಾತ ಬಿಟ್ಟಾಳ್ರಿ. ಹಾಸಿಗ್ಯಾಗ ಒಂದಾ ಮಾಡ್ಕೋತಾಳ್ರಿ. ತಮ್ಮನ್ನ ಚೂಟತಾಳ್ರಿ. ಒಂದ ತಾಯತಾ ಕಟ್ರಿ" ಎಂದಳು. ನಾವು ತಾಯಿತ ಕಟ್ಟುವ ಮೊದಲು ಕಥೆ ಕೇಳಿದೆವು. ಬಸುರಿ ಸೊಸೆ ತವರಿಗೆ ಹೋಗುವ ದಿನ ಮಗು ಅಳುತ್ತದೆಂದು, ಅದು ಮಲಗಿರುವಾಗ ಹೊತ್ತು ಮೂಡುವ ಮೊದಲಿನ ಬಸ್ಸಿಗೆ ಕದ್ದು ಹೋಗಿದ್ದಳು. ಮಗು ಎದ್ದಾಗ ಅವ್ವ ಇಲ್ಲ. ಎಲ್ಲಿ ಎಂದು ಕೇಳಿದರೆ, "ತಮ್ಮನ್ನ ತರಾಕ ಹೋಗ್ಯಾಳ" ಎಂದರು. ನಾಲ್ಕು ತಿಂಗಳ ನಂತರ ಅವ್ವ ಬಂದಳು, ಮಡಿಲಲ್ಲಿ ಇನ್ನೊಂದು ಕೂಸು. ತಾನು ಮಲಗುತ್ತಿದ್ದ ಜಾಗದಲ್ಲಿ ಅದನ್ನು ಮಲಗಿಸಿದರು. ತನ್ನ ತೊಟ್ಟಿಲಿಗೆ ಅದನ್ನು ಹಾಕಿದರು. ಓಣಿಯ ಹೆಂಗಸರು ಬಂದು ಬಂದು ಅದರ ಮೋರೆ ನೋಡಿ ದೃಷ್ಟಿ ತೆಗೆದರು; ಇವಳ ಕಡೆಗೆ ತಿರುಗಿ, "ಇನ್ನ ನಿಂದ ಮುಗೀತ ಬಿಡವಾ" ಎಂದು ನಕ್ಕರು.

ಗಾಳಿ ಸೋಕಿದ್ದು ಎಲ್ಲಿಂದ ಎಂದು ನಾವು ಆ ಅಜ್ಜಿಯನ್ನೇ ಕೇಳಿದೆವು. ನಾಲ್ಕು ವರ್ಷದ ಕೂಸಿಗೂ ಒಂದು ತರ್ಕಶಾಸ್ತ್ರವಿದೆ. ನಾನು ಮಲಗಿದೆ, ಅವ್ವ ಹೋದಳು, ಆದ್ದರಿಂದ ಮಲಗಬಾರದು. ಅವಳು ಹೋದದ್ದು ಇವನಿಗಾಗಿ. ಆದ್ದರಿಂದ ಇವನು ಬೇಡ. ಇವನು ಮಾತಾಡುವುದಿಲ್ಲ, ಬಟ್ಟೆ ಒದ್ದೆ ಮಾಡುತ್ತಾನೆ, ಆದರೂ ಎಲ್ಲರೂ ಎತ್ತಿಕೊಳ್ಳುತ್ತಾರೆ. ಆದ್ದರಿಂದ ನಾನೂ ಹಾಗೆಯೇ ಇರಬೇಕು. ನ್ಯಾಯಶಾಸ್ತ್ರ ಓದಿದವರಿಗೂ ಈ ಅನುಮಾನದಲ್ಲಿ ತಪ್ಪು ಹುಡುಕುವುದು ಕಷ್ಟ. ತಾಯಿತ ಕಟ್ಟಲಿಲ್ಲ. ಕೂಸು ಮಲಗಿದ ಹೊತ್ತಿನಲ್ಲಿ ದಿನಕ್ಕೆ ಅರ್ಧ ತಾಸು ಈ ಮಗುವನ್ನು ತಾಯಿ ಒಬ್ಬಳೇ ತೊಡೆಯ ಮೇಲೆ ಕೂಡಿಸಿಕೊಳ್ಳಬೇಕು, ಆ ಹೊತ್ತಿನಲ್ಲಿ ಬೇರೆ ಕೆಲಸ ಮಾಡಬಾರದು, ಇನ್ನು ಮೇಲೆ ಹೇಳದೆ ಎಲ್ಲಿಗೂ ಹೋಗಬಾರದು ಎಂದು ಹೇಳಿ ಕಳಿಸಿದೆವು. ಎರಡು ತಿಂಗಳ ಮೇಲೆ ಬಂದಾಗ ಮಗು ನಮ್ಮ ಮುಂದೆ ಕುಳಿತು ತನ್ನ ತಮ್ಮನ ಹೆಸರು ಹೇಳಿತು. ಹಾಸಿಗೆ ಒದ್ದೆಯಾಗುವುದು ನಿಂತಿತ್ತು. ಚಿವುಟುವುದು ಪೂರ್ತಿ ನಿಂತಿರಲಿಲ್ಲವಂತೆ. ಅದು ನಿಲ್ಲಲು ಕಾಲ ಬೇಕು.

ಇದು ನಮ್ಮ ನಾಡಿನ ಮನೆಗಳಿಗಷ್ಟೇ ಬಂದ ಕಷ್ಟವೇನಲ್ಲ. ಸಾಕ್ಷಾತ್ ಕೈಲಾಸದಲ್ಲಿಯೇ ಇದು ನಡೆದಿದೆ. ಯುಗಾದಿಗೆ ಮುನ್ನ ನಮ್ಮ ಭಾಗದಿಂದ ಸಾವಿರಾರು ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಮಲ್ಲಯ್ಯ ಆ ಗುಡ್ಡದಲ್ಲಿ ಏಕೆ ನೆಲೆಸಿದ ಎಂಬುದನ್ನು ಕಂಬಿ ಹೊರುವವರಲ್ಲಿ ಎಷ್ಟು ಜನ ಬಲ್ಲರೋ ಕಾಣೆವು. ಶಿವಪುರಾಣ ಹೇಳುವ ಕಥೆ ಹೀಗಿದೆ. ಭೂಮಂಡಲವನ್ನು ಯಾರು ಮೊದಲು ಸುತ್ತಿ ಬರುವರೋ ಅವರಿಗೆ ಮೊದಲು ಮದುವೆ ಎಂದು ತಂದೆತಾಯಿ ಪಂದ್ಯ ಕಟ್ಟಿದರು. ಹಿರಿಯನಾದ ಕುಮಾರಸ್ವಾಮಿ ಭೂಮಿ ಸುತ್ತಲು ಹೊರಟ. ಕಿರಿಯನಾದ ಗಣಪತಿ ತಂದೆತಾಯಿಯರನ್ನೇ ಸುತ್ತಿ ಗೆದ್ದ, ಮದುವೆಯೂ ಆಯಿತು. ಹಿರಿಯನು ದಣಿದು ಹಿಂತಿರುಗುವ ಹೊತ್ತಿಗೆ ನಾರದರು ಸುದ್ದಿ ಮುಟ್ಟಿಸಿದರು. ನೊಂದ ಮಗ ಮನೆ ಬಿಟ್ಟು ಕ್ರೌಂಚಪರ್ವತಕ್ಕೆ ನಡೆದ. ಕರೆಯಲು ತಂದೆತಾಯಿ ಹೋದರೆ ಇನ್ನೂ ಮೂರು ಯೋಜನ ದೂರ ಸರಿದ. ಆಗ ಶಿವ ಪಾರ್ವತಿಯರು ಏನು ಮಾಡಿದರು? ಬೈದರೇ? ಅವನಾಗಿಯೇ ಬರುತ್ತಾನೆ ಬಿಡು ಎಂದರೇ? ಇಲ್ಲ. ಮಗನಿಗೆ ಸಮೀಪವೆಂದು ತಾವೇ ಅಲ್ಲಿ ಮಲ್ಲಿಕಾರ್ಜುನನಾಗಿ ನೆಲೆಸಿದರು. ಅಮಾವಾಸ್ಯೆಗೆ ತಂದೆ, ಹುಣ್ಣಿಮೆಗೆ ತಾಯಿ ಮಗನನ್ನು ನೋಡಿ ಬರುತ್ತಾರೆಂದು ಪುರಾಣ ಹೇಳುತ್ತದೆ.

ಈ ಕಥೆಯಲ್ಲಿ ಗಣಪತಿಯ ಜಾಣತನವನ್ನು ಹೊಗಳಿ ಪುರಾಣಿಕರು ಮುಂದೆ ಸಾಗಿಬಿಡುತ್ತಾರೆ. ನಮ್ಮ ಲಕ್ಷ್ಯ ಬೇರೆ ಕಡೆಗಿದೆ. ಇಬ್ಬರು ಮಕ್ಕಳ ನಡುವೆ ಪಂದ್ಯ ಕಟ್ಟಿದ ಮನೆ, ದೇವರ ಮನೆಯೇ ಆದರೂ, ನೆಮ್ಮದಿಯಾಗಿ ಉಳಿಯಲಿಲ್ಲ. ಇನ್ನು ನಾರದರ ವಿಷಯ. ಪ್ರತಿ ಓಣಿಯಲ್ಲೂ ಒಬ್ಬೊಬ್ಬ ನಾರದರು ಇದ್ದಾರೆ. "ತಮ್ಮ ಬಂದ ಮ್ಯಾಲ ನಿನ್ನ ಯಾರ ಕೇಳ್ತಾರ?", "ನಿಮ್ಮವ್ವಗ ಈಗ ನೀ ಬ್ಯಾಡಾಗೀದಿ", "ನಿನ್ನ ನಾ ಒಯ್ತೀನಿ ಬಾ" ಎಂದು ಕಟ್ಟೆಯ ಮೇಲೆ ಕುಳಿತು ಮಗುವನ್ನು ಅಳಿಸಿ ನಗುವುದು ಒಂದು ವಿನೋದವೆಂದು ನಮ್ಮಲ್ಲಿ ನಡೆದುಬಂದಿದೆ. ಹೇಳಿದವರಿಗೆ ಅದು ಚಾಷ್ಟಿ; ಕೇಳಿದ ಮಗುವಿಗೆ ಅದು ವರ್ತಮಾನ. ಮನೆಯ ಹಿರಿಯರು ಬಾಯಿಬಿಟ್ಟು ತಡೆಯಬೇಕಾದ ಮಾತು ಇದೊಂದು. ನೆರೆಯವರಿಗೆ ಬೇಸರವಾದೀತೆಂದು ಸುಮ್ಮನಿರುವ ತಾಯಿ, ಆ ಮಾತಿಗೆ ತಾನೂ ಹೂಂಗುಟ್ಟಿದಳೆಂದೇ ಮಗು ತಿಳಿಯುತ್ತದೆ.

ಹಾಗಾದರೆ ಮಗುವಿಗೆ ಯಾವಾಗ ಹೇಳಬೇಕು, ಏನು ಹೇಳಬೇಕು? ಬಹಳ ಮೊದಲೇ ಹೇಳಿ ಫಲವಿಲ್ಲ. ಮೂರು ವರ್ಷದ ಮಗುವಿಗೆ ಆರು ತಿಂಗಳೆಂದರೆ ಒಂದು ಯುಗ. ತಾಯಿಯ ಹೊಟ್ಟೆ ಕಣ್ಣಿಗೆ ಕಾಣತೊಡಗಿದಾಗ, ಬೇರೆಯವರ ಬಾಯಿಂದ ಕೇಳುವ ಮೊದಲು, ತಾಯಿಯೇ ಹೇಳಬೇಕು. ತಿಂಗಳ ಲೆಕ್ಕ ಹೇಳದೆ ಹಬ್ಬದ ಲೆಕ್ಕ ಹೇಳಬೇಕು. ಕಾರಹುಣ್ಣಿಮೆಗೆ ಎತ್ತು ಓಡಿಸಿದ ಮೇಲೆ, ಪಂಚಮಿಯ ಜೋಕಾಲಿ ಕಟ್ಟುವ ಹೊತ್ತಿಗೆ, ಎಂದರೆ ಮಗುವಿಗೆ ಹಿಡಿಯಲು ಒಂದು ಕೊಂಬೆ ಸಿಗುತ್ತದೆ. ಸೀಗಿ ಹುಣ್ಣಿಮೆಯ ಹೊತ್ತಿಗೆ ಬಸುರಿಯಾಗಿದ್ದರಂತೂ ಹೇಳಿಕೊಡುವ ಕೆಲಸ ಅರ್ಧ ಮುಗಿಯಿತು. ಆ ದಿನ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲುವುದು ಏಕೆ? ಪೈರು ಹೊತ್ತ ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ. ಮಗುವನ್ನು ಹೊಲಕ್ಕೆ ಕರೆದೊಯ್ದು, ಅದರ ಕೈಯಿಂದಲೇ ಒಂದು ತುತ್ತು ಚರಗ ಚೆಲ್ಲಿಸಿ, ತೆನೆ ಒಳಗಿದ್ದು ಹೊರಗೆ ಬರುವುದನ್ನು ತೋರಿಸಿ, ನಿಮ್ಮವ್ವನ ಹೊಟ್ಟೆಯಲ್ಲಿಯೂ ಹೀಗೆಯೇ ಎಂದರೆ ಮೂರು ವರ್ಷದ್ದಕ್ಕೂ ತಿಳಿಯುತ್ತದೆ. ಅದನ್ನು ಬಿಟ್ಟು, ದವಾಖಾನೆಯಿಂದ ಕೊಂಡು ತರುತ್ತೇವೆ ಎಂದು ಸುಳ್ಳು ಹೇಳಿದರೆ, ನಾಲ್ಕು ದಿನ ಕೂಸಿನ ಅಳು ಕೇಳಿ ಬೇಸತ್ತ ಮಗು, ವಾಪಸ್ ಕೊಟ್ಟು ಬಾ ಎಂದು ಹಟ ಹಿಡಿದರೆ ತಪ್ಪು ಯಾರದು?

ಇನ್ನೊಂದು ಸುಳ್ಳು, ಆಡಲು ತಮ್ಮ ಬರುತ್ತಾನೆ ಎಂಬುದು. ಬರುವ ಕೂಸು ಆಡುವುದಿಲ್ಲ. ಮಲಗುತ್ತದೆ, ಹಾಲು ಕುಡಿಯುತ್ತದೆ, ಅಳುತ್ತದೆ. ವರ್ಷ ದಾಟಿದ ಮೇಲೆ ಆಟ. ಇದ್ದುದನ್ನು ಇದ್ದಹಾಗೆ ಹೇಳಿದರೆ ಮಗು ಕಾಯಲು ಕಲಿಯುತ್ತದೆ.

ತಮ್ಮ ಎಂಬ ಮಾತು ಬಂದಿತಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಹಿರಿಯದು ಹೆಣ್ಣಾಗಿದ್ದರೆ, ಬರುವುದು ತಮ್ಮನೇ ಎಂದು ಆರು ತಿಂಗಳು ಅವಳ ಬಾಯಿಂದಲೇ ಹೇಳಿಸುತ್ತಾರೆ. ಮಗುವಿನ ಬಾಯಲ್ಲಿ ಬಂದದ್ದು ನಿಜವಾಗುತ್ತದೆ ಎಂಬ ನಂಬಿಕೆ. ಎಲ್ಲಮ್ಮನ ಗುಡ್ಡಕ್ಕೆ ಹೋದರೆ ಅವಳಿಂದಲೇ ಕೈಮುಗಿಸಿ ಬೇಡಿಸುತ್ತಾರೆ. ಹುಟ್ಟಿದ್ದು ಹೆಣ್ಣಾದರೆ? ದವಾಖಾನೆಯ ಪಡಸಾಲೆಯಲ್ಲಿ ಅಜ್ಜ ಅಜ್ಜಿಯರ ಮೋರೆ ಬಾಡುವುದನ್ನು ಆ ಹುಡುಗಿ ನೋಡುತ್ತಾಳೆ. ತಂಗಿಗಾಗಿ ಮಾತ್ರವಲ್ಲ, ತನಗಾಗಿಯೂ ಅವಳು ಒಂದು ಪಾಠ ಕಲಿಯುತ್ತಾಳೆ. ನಾನು ಹುಟ್ಟಿದಾಗಲೂ ಇವರು ಹೀಗೆಯೇ ಇದ್ದರೇನೋ ಎಂಬುದೇ ಆ ಪಾಠ. ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಬೇಡವಾದವಳು ಎಂದರ್ಥ ಬರುವ ನಕೂಸಾ ಎಂಬ ಹೆಸರನ್ನು ಹೊತ್ತಿದ್ದ 285 ಹುಡುಗಿಯರಿಗೆ 2011ರಲ್ಲಿ ಅಲ್ಲಿಯ ಆಡಳಿತ ಹೊಸ ಹೆಸರು ಕೊಡಿಸಿತು. ಹೆಸರಿಡದಿದ್ದರೇನಾಯಿತು, ನಮ್ಮ ಕಡೆಯೂ ಆ ಮಾತು ಮೋರೆಯ ಮೇಲೆ ಬರೆದಿರುತ್ತದೆ. ಗರ್ಭದಲ್ಲಿರುವುದು ಯಾವುದೆಂದು ಪರೀಕ್ಷಿಸುವುದನ್ನು 1994ರ ಕಾಯ್ದೆ ನಿಷೇಧಿಸಿದೆ. ಎರಡನೆಯ ಮಗು ಹೆಣ್ಣಾದರೆ 6000 ರೂಪಾಯಿ ನೆರವನ್ನು ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ 2022ರಿಂದ ಸೇರಿಸಿದ್ದಾರೆ. ಸರಕಾರಕ್ಕೆ ಇಷ್ಟು ಸಾಧ್ಯ. ಮೋರೆ ಬಾಡದಂತೆ ನೋಡಿಕೊಳ್ಳುವುದು ಮನೆಯವರ ಕೆಲಸ. ಆದ್ದರಿಂದ ಮಗುವಿಗೆ "ಕೂಸು ಬರುತ್ತದೆ" ಎಂದಷ್ಟೇ ಹೇಳಿ. ತಮ್ಮ ಎನ್ನಬೇಡಿ, ತಂಗಿ ಎನ್ನಬೇಡಿ.

ಮೊಲೆ ಬಿಡಿಸುವ ವಿಷಯವನ್ನು ಸ್ವಾಮಿಗಳು ಆಡಬಾರದೆಂಬ ಸಂಕೋಚ ನಮಗಿಲ್ಲ. ತಾಯಿ ಮತ್ತೆ ಬಸುರಿಯಾದಳೆಂದು ತಿಳಿದ ದಿನವೇ ಬೇವಿನ ರಸ ಹಚ್ಚಿ ಒಂದೂವರೆ ವರ್ಷದ ಕೂಸಿಗೆ ಮೊಲೆ ಬಿಡಿಸುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ನಿನ್ನೆಯವರೆಗೆ ಅಮೃತವಾಗಿದ್ದದ್ದು ಇಂದು ಏಕಾಏಕಿ ಕಹಿ. ಇದರ ಪರಿಣಾಮ ಮನಸ್ಸಿಗಷ್ಟೇ ಅಲ್ಲ, ಶರೀರಕ್ಕೂ ಉಂಟು. ಈಗ ಘಾನಾ ಎನಿಸಿಕೊಂಡಿರುವ ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಕೆಲಸ ಮಾಡುತ್ತಿದ್ದರು. ಕೈಕಾಲು ಬಾತು, ಚರ್ಮ ಸುಲಿದು, ಕೂದಲು ಕೆಂಚಾಗಿ ಸಾಯುತ್ತಿದ್ದ ಮಕ್ಕಳನ್ನು ಕಂಡು ಅವರು ಅಲ್ಲಿಯ ತಾಯಂದಿರನ್ನು ಈ ರೋಗದ ಹೆಸರೇನೆಂದು ಕೇಳಿದರು. ಗಾ ಭಾಷೆಯಲ್ಲಿ ತಾಯಂದಿರು ಹೇಳಿದ ಹೆಸರು ಕ್ವಾಶಿಯೋರ್ಕರ್. ಮುಂದಿನ ಕೂಸು ಹುಟ್ಟಿದಾಗ ಮೊದಲಿನ ಕೂಸಿಗೆ ಬರುವ ರೋಗ ಎಂಬುದು ಅದರ ಅರ್ಥ. 1935ರಲ್ಲಿ ಅವರು ಅದೇ ಹೆಸರನ್ನು ವೈದ್ಯಲೋಕದ ಮುಂದೆ ಇಟ್ಟರು. ಇಂದಿಗೂ ವೈದ್ಯರು ಅದನ್ನೇ ಬಳಸುತ್ತಾರೆ. ತಾಯಿಯ ಹಾಲು ತಪ್ಪಿ, ಬರೀ ಜೋಳದ ಗಂಜಿಯ ಮೇಲೆ ಬಿದ್ದ ಮಗುವಿನ ರೋಗವದು. ದೂರದ ಆಫ್ರಿಕಾದ ಓದು ಬರಹ ಬಾರದ ತಾಯಂದಿರು ಒಂದೇ ಶಬ್ದದಲ್ಲಿ ಹಿಡಿದಿಟ್ಟ ಸತ್ಯವನ್ನು ನಮ್ಮ ರೊಟ್ಟಿಯ ನಾಡಿನವರೂ ತಿಳಿದುಕೊಳ್ಳಬೇಕು.

ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು ಕೊಡಬಹುದೆನ್ನುತ್ತದೆ. ಒಂದು ಹೆರಿಗೆಯಾಗಿ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳ ಅಂತರ ಇರಲಿ ಎಂದೂ ಹೇಳುತ್ತದೆ. ಹಿರಿಯ ಮಗುವನ್ನು ಅಣಿಗೊಳಿಸುವ ಕೆಲಸ ನಿಜವಾಗಿ ಇಲ್ಲಿಂದಲೇ ಆರಂಭ. ಅಂತರವಿಟ್ಟವರಿಗೆ ಅರ್ಧ ಕಷ್ಟ ತಾನಾಗಿಯೇ ಕಳೆಯುತ್ತದೆ. ಮೊಲೆ ಬಿಡಿಸುವುದೇ ಆದರೆ ಕೂಸು ಬರುವ ಬಹಳ ಮೊದಲೇ, ಒಂದೊಂದೇ ಹೊತ್ತು ಕಡಿಮೆ ಮಾಡುತ್ತ, ಹಾಲು, ಬೇಳೆ, ಶೇಂಗಾ, ಮೊಳಕೆಕಾಳು ರೂಢಿಮಾಡಿಸಿ ಬಿಡಿಸಬೇಕು. ಅಂಗನವಾಡಿಗೆ ಕಳಿಸುವುದೂ ಹಾಗೆಯೇ. ಕೂಸು ಬಂದ ವಾರವೇ ಹಿರಿಯದನ್ನು ಅಂಗನವಾಡಿಗೆ ಅಟ್ಟಿದರೆ, ಅದನ್ನು ಮಗು ಕಲಿಕೆ ಎಂದು ತಿಳಿಯುವುದಿಲ್ಲ, ಹೊರಗೆ ಹಾಕಿದರು ಎಂದು ತಿಳಿಯುತ್ತದೆ. ಮೂರು ತಿಂಗಳು ಮೊದಲೇ ಸೇರಿಸಿ. ಹಾಸಿಗೆ ಬದಲಿಸುವುದಿದ್ದರೂ ಮೊದಲೇ ಬದಲಿಸಿ, ಅಜ್ಜಿಯ ಮಗ್ಗುಲ ರುಚಿ ಮೊದಲೇ ಹತ್ತಲಿ.

ನಮ್ಮ ಕಡೆ ಮನೆಯಲ್ಲಿ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಹಿರಿಯ ಮಗು ಪಕ್ಕದ ಮನೆಯಲ್ಲಿದ್ದು, ಸ್ವಲ್ಪ ಹೊತ್ತಿನಲ್ಲಿಯೇ ಅವ್ವನ ಮುಖ ಕಾಣುತ್ತಿತ್ತು. ದವಾಖಾನೆಯ ಹೆರಿಗೆ ಬಂದು ಬಾಣಂತಿಯರ ಜೀವ ಉಳಿಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ ತಾಯಿ ಹಲವು ವಾರ ಭಾರ ಎತ್ತುವಂತಿಲ್ಲ. ಹಿರಿಯ ಮಗುವೂ ಭಾರವೇ. ಓಡಿಬಂದ ಮಗುವನ್ನು ಎತ್ತಿಕೊಳ್ಳದೆ "ಸರಿ ಅತ್ತಾಗ" ಎಂದರೆ ಅದಕ್ಕೇನು ತಿಳಿಯಬೇಕು? ಅವ್ವನ ಹೊಟ್ಟೆಗೆ ಗಾಯವಾಗಿರುತ್ತದೆ, ಎತ್ತಿಕೊಳ್ಳಲು ಬಾರದು, ಹಾಸಿಗೆಯ ಮೇಲೆ ಮಗ್ಗುಲಿಗೆ ಬಂದು ಮಲಗಬಹುದು ಎಂದು ಮೊದಲೇ ಹೇಳಿರಬೇಕು. ದವಾಖಾನೆಗೆ ಮಗುವನ್ನು ಒಯ್ದಾಗ, ತಾಯಿಯ ತೋಳಿನಲ್ಲಿ ಕೂಸು ಇರದಿರಲಿ, ಅಜ್ಜಿಯ ತೋಳಲ್ಲಿರಲಿ. ಎರಡೂ ತೋಳು ಖಾಲಿ ಇಟ್ಟುಕೊಂಡು ಮೊದಲು ಹಿರಿಯದನ್ನು ಅಪ್ಪಿಕೊಳ್ಳಬೇಕು. ಇದಕ್ಕೆ ರೊಕ್ಕ ಬೇಡ.

ತವರಿಗೆ ಹೋಗುವಾಗ ಹಿರಿಯ ಮಗುವನ್ನು ಒಯ್ಯಬೇಕೋ ಬಿಡಬೇಕೋ ಎಂದು ಕೇಳುವವರಿದ್ದಾರೆ. ಐದು ವರ್ಷದೊಳಗಿನದನ್ನು ಒಯ್ಯುವುದೇ ಲೇಸೆಂಬುದು ನಮ್ಮ ಅಭಿಪ್ರಾಯ. ಸಾಲೆಗೆ ಹೋಗುವ ಮಗುವಾದರೆ ಬಿಡಬೇಕಾಗಬಹುದು. ಆಗ ಎಂಟು ದಿನಕ್ಕೊಮ್ಮೆ ತಂದೆ ಕರೆದುಕೊಂಡು ಹೋಗಿ ತಾಯಿಯ ಮುಖ ತೋರಿಸಬೇಕು. ಹುಬ್ಬಳ್ಳಿ, ಪುಣೆ, ಬೆಂಗಳೂರುಗಳಲ್ಲಿ ನೌಕರಿಗಿರುವ ನಮ್ಮ ಭಕ್ತರು ಮೊಬೈಲಿನಲ್ಲಿ ಮುಖ ತೋರಿಸುತ್ತೇವಲ್ಲ ಎನ್ನುತ್ತಾರೆ. ಮುಖ ತೋರಿಸಬಹುದು, ಮಡಿಲು ತೋರಿಸಲಾದೀತೇ? ಅದೇ ಮೊಬೈಲನ್ನು ಹಿರಿಯ ಮಗುವಿನ ಕೈಗೆ ಕೊಟ್ಟು ಮೂಲೆಯಲ್ಲಿ ಕೂಡಿಸುವುದನ್ನೂ ಕಂಡಿದ್ದೇವೆ. ಮಗು ಸುಮ್ಮನಾಗಿದೆ ಎಂದರೆ ಸಮಾಧಾನವಾಗಿದೆ ಎಂದಲ್ಲ.

ತಂದೆಯಾದವರಿಗೆ ಈ ಕಾಲ ಒಂದು ಸುಯೋಗ. ತಾಯಿಯ ಕೈ ತುಂಬಿರುವಾಗ ಹಿರಿಯ ಮಗುವನ್ನು ಹೊಲಕ್ಕೆ, ಸಂತೆಗೆ, ಜಾತ್ರೆಗೆ ಹೆಗಲ ಮೇಲೆ ಕೂಡಿಸಿಕೊಂಡು ಹೋಗುವವನು ಅವನೇ. ಕೂಸಿಗೆ ಜವಳ ತೆಗೆಸಲು ಗೊಡಚಿಗೆ ಹೋದಾಗ ಹಿರಿಯ ಮಗುವಿಗೂ ಒಂದು ಹೊಸ ಅಂಗಿ ಇರಲಿ.

ನಮ್ಮ ಕಡೆಯ ಬಾಣಂತಿಯ ಕೋಣೆಯನ್ನು ನೋಡಿ. ಲೋಬಾನದ ಹೊಗೆ, ಎರೆಯುವ ಬಿಸಿನೀರು, ಡಬ್ಬಿಯಲ್ಲಿ ಅಂಟಿನ ಉಂಡಿ, ಕೊಬ್ಬರಿ, ಉತ್ತತ್ತಿ. ಹಿರಿಯ ಮಗು ಕೈಚಾಚಿದರೆ "ಅದು ಬಾಣಂತಿದು, ಮುಟ್ಟಬ್ಯಾಡ" ಎನ್ನುತ್ತಾರೆ. ಒಂದು ಉಂಡಿ ಹೋದರೆ ಬಾಣಂತಿಯ ನಡ ನಿಲ್ಲದೇ? ಉಂಡಿ ಕಟ್ಟುವಾಗಲೇ ಒಂದಿಷ್ಟನ್ನು ಸಣ್ಣ ಗಾತ್ರದಲ್ಲಿ ಕಟ್ಟಿ ಈ ಮಗುವಿನ ಹೆಸರಿನ ಡಬ್ಬಿಗೆ ಹಾಕಿಡಿ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ನಮ್ಮ ಗಾದೆ ಗೇಲಿ ಮಾಡುತ್ತದೆ. ಹಿರಿಯ ಮಗುವಿನ ಡಬ್ಬಿಯನ್ನಂತೂ ಕೂಸು ಹುಟ್ಟುವ ಮೊದಲೇ ತುಂಬಿಸಿಡಬೇಕು.

ಕಲಘಟಗಿಯ ಬಣ್ಣದ ತೊಟ್ಟಿಲು ನಮ್ಮ ನಾಡಿನ ಅನೇಕ ಮನೆಗಳ ಅಟ್ಟದ ಮೇಲಿದೆ. ಬೀಗರ ಮನೆಗೆ ಎರವಲು ಹೋಗಿ ಬಂದು, ಮೂರು ತಲೆಮಾರಿನ ಕೂಸುಗಳನ್ನು ತೂಗಿದ ತೊಟ್ಟಿಲುಗಳಿವೆ. ಅದನ್ನು ಕೆಳಗೆ ಇಳಿಸುವ ದಿನ ಹಿರಿಯ ಮಗುವನ್ನು ಕರೆಯಿರಿ. ಇದರಲ್ಲಿ ನಿಮ್ಮಪ್ಪ ಮಲಗಿದ್ದ, ಆಮೇಲೆ ನೀನು ಮಲಗಿದ್ದೆ, ಈಗ ನಿನ್ನ ಕಾಲು ಇದರಲ್ಲಿ ಹಿಡಿಯುವುದಿಲ್ಲ ನೋಡು ಎಂದು ಒಮ್ಮೆ ಅದರಲ್ಲಿ ಕೂಡಿಸಿ ನಕ್ಕು ಇಳಿಸಿ. ಧೂಳು ಒರೆಸಲು ಒಂದು ಅರಿವೆ ಅದರ ಕೈಗೂ ಕೊಡಿ. ಕೌದಿ ಹೊಲಿಯುವಾಗ ಅದರ ಹಳೆಯ ಅಂಗಿಯ ತುಂಡನ್ನು ಅದನ್ನೇ ಕೇಳಿ ಇಸಿದುಕೊಳ್ಳಿ. ಕೊಡುವುದಿಲ್ಲ ಎಂದರೆ ಬಿಟ್ಟುಬಿಡಿ. ಕಿತ್ತುಕೊಂಡ ತುಂಡಿನ ಕೌದಿ ಬೆಚ್ಚಗಿರುವುದಿಲ್ಲ.

ಕೂಸಿನ ಬಗ್ಗೆ ಹಿರಿಯ ಮಗುವಿನ ಮುಂದೆ ಹೇಗೆ ಮಾತಾಡಬೇಕು ಎಂಬುದನ್ನೂ ಬಲ್ಲವರು ಪರೀಕ್ಷಿಸಿ ನೋಡಿದ್ದಾರೆ. ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದಲ್ಲಿ ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ ಎಂಬ ವಿದುಷಿಯರು ಎರಡನೆಯ ಕೂಸು ಬರಲಿದ್ದ 40 ಕುಟುಂಬಗಳ ಮನೆಗೆ ಹೋಗಿ, ಹೆರಿಗೆಯ ಮೊದಲೂ ಆಮೇಲೂ ಕುಳಿತು ನೋಡಿ, 1982ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಕೂಸು ಅಳುತ್ತಿದೆ, ಅದಕ್ಕೆ ಹಸಿವೆಯೋ ನಿದ್ದೆಯೋ, ನಿನಗೇನೆನ್ನಿಸುತ್ತದೆ ಎಂದು ಕೂಸನ್ನೂ ಒಬ್ಬ ಮನುಷ್ಯನೆಂದು ಎಣಿಸಿ ಹಿರಿಯ ಮಗುವಿನೊಡನೆ ಮಾತನಾಡಿದ ಮನೆಗಳಲ್ಲಿ, ವರ್ಷ ಕಳೆದ ಮೇಲೆ ಮಕ್ಕಳಿಬ್ಬರ ಒಡನಾಟ ಹೆಚ್ಚು ಸ್ನೇಹದಿಂದಿತ್ತು ಎಂದು ಅವರು ಕಂಡರು. ಮಠಕ್ಕೆ ಬರುವ ಮರಿಯ ಬಗ್ಗೆ "ರಾತ್ರಿ ಅಳತಾನ" ಎಂದು ನಮ್ಮ ಗುರುಗಳು ಹೇಳಿದ್ದೂ ಇದೇ ದಾರಿಯ ಮಾತು.

ಪ್ರೀತಿ ಹಂಚಿದರೆ ಕಡಿಮೆಯಾಗುವುದಿಲ್ಲ ಎಂದು ಪ್ರವಚನಗಳಲ್ಲಿ ಹೇಳುವುದುಂಟು. ನಾವು ಅದನ್ನು ಒಪ್ಪುತ್ತೇವೆ, ಆದರೆ ಪೂರ್ತಿಯಾಗಿ ಅಲ್ಲ. ಪ್ರೀತಿ ಕಡಿಮೆಯಾಗದಿರಬಹುದು, ತಾಯಿಯ ಹೊತ್ತು ಕಡಿಮೆಯಾಗುತ್ತದೆ, ತೊಡೆಯ ಮೇಲಿನ ಜಾಗ ಕಡಿಮೆಯಾಗುತ್ತದೆ. ನವಿಲುತೀರ್ಥದ ಆಣೆಕಟ್ಟಿನಿಂದ ಎಡದಂಡೆಗೂ ಬಲದಂಡೆಗೂ ನೀರು ಬಿಡಬೇಕಾದಾಗ ಸರದಿ ಹಚ್ಚುತ್ತಾರೆ. ಸರದಿ ಯಾವಾಗ ಬರುತ್ತದೆಂದು ತಿಳಿದ ರೈತ ಜಗಳಾಡದೆ ಕಾಯುತ್ತಾನೆ; ಸರದಿಯೇ ಇಲ್ಲದಿದ್ದರೆ ಕಾಲುವೆ ಒಡೆಯುತ್ತಾನೆ. ಎಲ್ಲ ಮೊದಲಿನ ಹಾಗೆಯೇ ಇರುತ್ತದೆ ಎಂದು ಮಗುವಿಗೆ ಸುಳ್ಳು ಆಣೆ ಕೊಡಬೇಡಿ. ದಿನದ ಯಾವ ಹೊತ್ತು ನಿನ್ನದು ಎಂದು ಹೇಳಿ, ಆ ಹೊತ್ತನ್ನು ತಪ್ಪಿಸಬೇಡಿ.

ಹಿರಿಯದಕ್ಕೆ ಕೆಲಸ ಕೊಡಿ ಎಂದೆವು. ಅದನ್ನು ಆಳಾಗಿಸಿರಿ ಎಂದಲ್ಲ. ಏಳೆಂಟು ವರ್ಷದ ಅಕ್ಕ ಸೊಂಟದ ಮೇಲೆ ತಮ್ಮನನ್ನು ಹೊತ್ತು, ಸಾಲೆ ಬಿಟ್ಟು, ಕಳೆ ತೆಗೆಯುವ ತಾಯಿಯ ಹಿಂದೆ ಬದುವಿನ ಮೇಲೆ ಕುಳಿತಿರುವ ನೋಟ ಸವದತ್ತಿ, ರಾಮದುರ್ಗದ ಹೊಲಗಳಲ್ಲಿ ನಮಗೆ ಹೊಸದಲ್ಲ. 2009ರ ಶಿಕ್ಷಣ ಹಕ್ಕಿನ ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳೆಲ್ಲ ಸಾಲೆಯಲ್ಲಿರಬೇಕೆನ್ನುತ್ತದೆ. ತಮ್ಮನಿಗಾಗಿ ಪಾಟಿಚೀಲ ಕಳೆದುಕೊಂಡ ಅಕ್ಕ ಅವನನ್ನು ಪ್ರೀತಿಸಿಯಾಳು. ಆದರೆ ಆ ಪ್ರೀತಿಯ ಬೆಲೆಯನ್ನು ಕಟ್ಟಿಸಿದವರು ನಾವು ದೊಡ್ಡವರು. ಅರಿವೆ ತಂದುಕೊಡುವುದು, ತೊಟ್ಟಿಲ ಹಗ್ಗ ನಾಲ್ಕು ಸಲ ಎಳೆಯುವುದು, ಯಾರಾದರೂ ಬಂದರೆ ಕೂಸಿನ ಹೆಸರು ಹೇಳುವುದು, ಇಷ್ಟೇ ಸಾಕು. ಬೇಸರ ಬಂದಾಗ ಬಿಟ್ಟು ಓಡಿಹೋಗುವ ಸ್ವಾತಂತ್ರ್ಯವಿರಲಿ.

ಭಾರತ ಹುಣ್ಣಿಮೆಗೆ ನಮ್ಮ ಚಕ್ಕಡಿಗಳು ಉಳವಿಯ ಹಾದಿ ಹಿಡಿಯುತ್ತವೆ. ಅಲ್ಲಿ ಐಕ್ಯರಾದ ಚೆನ್ನಬಸವಣ್ಣನವರು ಬಸವಣ್ಣನವರ ಅಕ್ಕ ನಾಗಮ್ಮನವರ ಮಗ. ಅಕ್ಕನಿಗಿಲ್ಲದ ಜನಿವಾರ ತನಗೇಕೆಂದು ಬಾಲಕ ಬಸವಣ್ಣ ಕೇಳಿದ ಪ್ರಸಂಗವನ್ನು ಜನ ಹೇಳುತ್ತ ಬಂದಿದ್ದಾರೆ. ತಮ್ಮನ ದೊಡ್ಡಸ್ತಿಕೆಯನ್ನು ನಾವೆಲ್ಲ ಕೊಂಡಾಡುತ್ತೇವೆ. ಬಾಗೇವಾಡಿಯ ಆ ಮನೆಯಲ್ಲಿ ತಮ್ಮ ಹುಟ್ಟಿದ ದಿನ ಆ ಅಕ್ಕನನ್ನು ಹೇಗೆ ನಡೆಸಿಕೊಂಡಿದ್ದರು ಎಂಬುದನ್ನು ಯಾವ ಪುರಾಣವೂ ಬರೆದಿಟ್ಟಿಲ್ಲ. ಆದರೆ ಅಕ್ಕನನ್ನು ಬಿಟ್ಟು ತನಗೊಂದು ದೊಡ್ಡತನ ಬೇಡವೆನ್ನುವ ತಮ್ಮ ಬೆಳೆಯಬೇಕಾದರೆ, ಆ ತಮ್ಮನನ್ನು ಎತ್ತಿ ಆಡಿಸಿದ ಅಕ್ಕನ ಮನಸ್ಸು ಕಹಿಯಾಗಿರಲಿಲ್ಲ ಎಂದು ನಾವು ತಿಳಿಯುತ್ತೇವೆ.

ನಮ್ಮ ಸಂಪ್ರದಾಯದಲ್ಲಿ ಎಂಟನೆಯ ತಿಂಗಳಿನಲ್ಲಿ ಗರ್ಭಸ್ಥ ಶಿಶುವಿಗೆ ತಾಯಿಯ ಮೂಲಕ ಲಿಂಗಧಾರಣೆಯ ಸಂಸ್ಕಾರವಿದೆ. ಆ ದಿನ ಹಿರಿಯ ಮಗುವನ್ನು ಪಕ್ಕದ ಮನೆಗೆ ಕಳಿಸಿ ಕಾರ್ಯ ಮಾಡುವುದನ್ನು ನೋಡಿದ್ದೇವೆ, ಗದ್ದಲ ಮಾಡುತ್ತದೆಂದು. ಮಾಡಲಿ. ತಾಯಿಯ ಮಗ್ಗುಲಲ್ಲಿ ಅದನ್ನೂ ಕೂಡಿಸಿ, ಅದರ ಹಣೆಗೆ ಮೊದಲು ವಿಭೂತಿ ಹಚ್ಚಿ, ಅದರ ಕೈಯಿಂದ ತಾಯಿಗೆ ಹಚ್ಚಿಸಬೇಕೆಂದು ನಮ್ಮ ಮಠದ ಶಾಸ್ತ್ರಿಗಳಿಗೆ ಹೇಳಿದ್ದೇವೆ. ಹಾಗೆ ಮಾಡಬಾರದೆಂದು ಯಾವ ಆಗಮವೂ ಹೇಳಿಲ್ಲ. ಕೂಸಿಗೆ ಹೆಸರಿಡುವ ದಿನ ಸೋದರತ್ತೆ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವಾಗ, ಎರಡನೆಯ ಸಲ ಹೇಳುವ ಪಾಳಿ ಅಕ್ಕನಿಗೋ ಅಣ್ಣನಿಗೋ ಇರಲಿ. ತೊಟ್ಟಿಲ ಗುಗ್ಗರಿ ಹಂಚಲು ಓಣಿಗೆ ಹೋಗುವ ಬುಟ್ಟಿಯ ಒಂದು ಹಿಡಿಕೆ ಅದರ ಕೈಯಲ್ಲಿರಲಿ. ಆಗ ಓಣಿಯ ನಾರದರು ಏನು ಚುಚ್ಚಿದರೂ, ಗುಗ್ಗರಿ ಕೊಡುವವರು ತಾವು ಎಂಬ ಗತ್ತಿನಲ್ಲಿ ಅದಕ್ಕೆ ಕೇಳಿಸುವುದಿಲ್ಲ.

ಮಗು ತಿಂಗಳುಗಟ್ಟಲೆ ಉಣ್ಣದೆ ಸೊರಗಿದರೆ, ಮಾತು ಬಿಟ್ಟರೆ, ಕೂಸಿಗೆ ಅಪಾಯ ಮಾಡುವಷ್ಟು ಸಿಟ್ಟು ತೋರಿದರೆ ಮಠಕ್ಕೆ ಬರುವ ಮೊದಲು ಮಕ್ಕಳ ವೈದ್ಯರಲ್ಲಿ ಹೋಗಿರಿ. ಆಮೇಲೆ ಮಠಕ್ಕೂ ಬನ್ನಿ. ಕುಬಸದ ಆಮಂತ್ರಣ ಕೊಡಲು ಬರುವವರು ಹಿರಿಯ ಮಗುವನ್ನು ಮನೆಯಲ್ಲಿ ಬಿಟ್ಟು ಬರಬೇಡಿರಿ. ಬಸುರಿಗೆ ಕೊಡುವ ಪ್ರಸಾದದ ಉತ್ತತ್ತಿಯ ಜೊತೆ ಅದಕ್ಕೂ ಎರಡು ಎತ್ತಿಟ್ಟಿರುತ್ತೇವೆ.